ಕಿರೀಟದ ಕೆಳಗಿನ ಬಟ್ಟೆ

“ಬಿರುಕು ಇರೋದು ಇಲ್ಲಿ,” ಎಂದು ಮೆನು ಕಾರ್ಡಿನ ಹಿಂಬದಿಯಲ್ಲಿ ನಾನು ಬರೆದಿದ್ದ ತಲೆಯ ಚಿತ್ರದಲ್ಲಿ ಬಲಗಿವಿಯ ಮೇಲೆ ಪೆನ್ನಿನಿಂದ ಗೆರೆ ಎಳೆದೆ. “ಆದರೆ ನಿಮ್ಮ ಅಳಿಯ ಸತ್ತಿದ್ದು ಈ ಬಿರುಕಿನಿಂದ ಅಲ್ಲ.”

ಮೋನಪ್ಪ ಗೆರೆ ನೋಡಲಿಲ್ಲ, ನನ್ನ ಮುಖ ನೋಡಿದರು. ದೆಹಲಿಗೆ ಅಂಟಿದ ಉತ್ತರ ಪ್ರದೇಶದ ಇಂದಿರಾಪುರಂನ ಗಿರಾಕಿಗಳಿಗೆ ಅರ್ಧ ಆಯುಷ್ಯ ದೋಸೆ ಬಡಿಸಿದ ಮನುಷ್ಯ. ಎದುರಿಗಿರುವವರ ಮಾತು ಎಷ್ಟು ಗಟ್ಟಿ ಎಂದು ಮುಖದಲ್ಲೇ ಅಳೆಯುವುದು ಅವರಿಗೆ ಅಭ್ಯಾಸ. ಪಕ್ಕದಲ್ಲಿ ಅವರ ಹೆಂಡತಿ ಚಂಪಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಡಿಸುತ್ತ ಕೂತಿದ್ದರು.

ಹೋಟೆಲಿನ ಶಟರ್ ಅರ್ಧ ಇಳಿದಿತ್ತು. ಕುರ್ಚಿಗಳನ್ನೆಲ್ಲ ಟೇಬಲ್ಲುಗಳ ಮೇಲೆ ತಲೆಕೆಳಗಾಗಿ ಇಟ್ಟಿದ್ದರು. ನಾವು ಕೂತಿದ್ದ ಟೇಬಲ್ ಒಂದೇ ಬಳಕೆಯಲ್ಲಿತ್ತು.

“ಡಾಕ್ಟ್ರೇ,” ಎಂದರು ಮೋನಪ್ಪ, “ಬುರುಡೆ ಒಡೆದದ್ದು ಅಂತ ಪೊಲೀಸರೇ ಹೇಳಿದ್ರು. ಫೋಟೋ ನಾನೂ ನೋಡಿದೆ. ಬುರುಡೆ ಒಡೆದ ಮೇಲೆ ಮನುಷ್ಯ ಮತ್ತೆ ಎಂತದ್ರಿಂದ ಸಾಯ್ತಾನೆ?”

ಸೋಮವಾರ ಮಧ್ಯಾಹ್ನ ಇದೇ ಹೋಟೆಲಿನ ಅಡುಗೆಮನೆಯಲ್ಲಿ ಜಗಳವಾಗಿ, ಮೋನಪ್ಪನವರ ಮಗಳು ನಿಶ್ಮಿತಾ ಗಂಡನ ಮೇಲೆ ಶುಂಠಿ ಜಜ್ಜುವ ಕಲ್ಲು ಎಸೆದಿದ್ದಳು. ಗಂಡ ನಿತೇಶ ಸಂಜೆಯೊಳಗೆ ದೆಹಲಿಯ ಆಸ್ಪತ್ರೆಯೊಂದರಲ್ಲಿ ಸತ್ತ. ನಿಶ್ಮಿತಾ ಈಗ ಡಾಸ್ನಾ ಜೈಲಿನಲ್ಲಿದ್ದಳು. ನಾಡಿದ್ದು ಜಾಮೀನಿನ ವಿಚಾರಣೆ. ಶವಪರೀಕ್ಷೆಯ ವರದಿ ಹಾಗೇ ನಿಂತರೆ ಜಾಮೀನು ಸಿಗುವುದಿಲ್ಲ, ಮುಂದೆ ಕೊಲೆಯ ಆರೋಪದಿಂದ ಹೊರಬರುವ ದಾರಿಯೂ ಇರುವುದಿಲ್ಲ.

ಆ ವರದಿಗೆ ಸಹಿ ಹಾಕಿದವಳು ಅಹಲ್ಯಾ.

ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಅಹಲ್ಯಾ ಎಂದರೆ ನನಗೆ ಹೊಟ್ಟೆಕಿಚ್ಚು. ಶವಪರೀಕ್ಷೆಯ ಕೋಣೆಯಲ್ಲಿ ಅವಳಿಗೆ ಕತ್ತಿ ಹಿಡಿಯುವುದನ್ನು ಕಲಿಸಿದವಳು ನಾನು. ಎಡಚಿ ಅವಳು, ಹಿಡಿದಾಗ ಕಿರುಬೆರಳು ಹೊರಗೆ ನಿಲ್ಲುತ್ತಿತ್ತು. ಎಷ್ಟು ಬೈದರೂ ಆ ಬೆರಳು ಒಳಗೆ ಬರಲಿಲ್ಲ.

ನಾನು ನಿವೃತ್ತಳಾದೆ, ಅವಳು ವಿಭಾಗದ ಮುಖ್ಯಸ್ಥೆಯಾದಳು. ನನ್ನ ಕುರ್ಚಿ ಬದಲಿಸಿದಳು, ಗೋಡೆಯ ಬಣ್ಣ ಬದಲಿಸಿದಳು. ನನ್ನ ಮೇಜಿನ ಮೇಲಿದ್ದ ತಲೆಬುರುಡೆಯನ್ನು ಮಾತ್ರ ಉಳಿಸಿಕೊಂಡಳು, ಟೀವಿಯವರು ಬಂದಾಗ ಹಿಂದೆ ಕಾಣಲಿ ಎಂದು. ಟೀವಿ, ಕನ್ನಡ ಸಂಘದ ಶಾಲು, ಭಾನುವಾರದ ಯಕ್ಷಗಾನದ ಕ್ಲಾಸು, ಮಕ್ಕಳಿಗೆ ಭಾಷಣ, ಎಲ್ಲೆಲ್ಲೂ ಅವಳೇ. ಸಂಘದ ವಾಟ್ಸಾಪ್ ಗುಂಪಿನಲ್ಲಿ ಅವಳ ಫೋಟೋ ಬಂದಾಗಲೆಲ್ಲ ಜನ ಹೆಬ್ಬೆರಳು ಎತ್ತುತ್ತಾರೆ. ನಾನು ಎತ್ತುವುದಿಲ್ಲ.

ಕಳೆದ ತಿಂಗಳು ಒಂದು ಸಮ್ಮೇಳನದಲ್ಲಿ ಅವಳು ಪ್ರಬಂಧ ಓದುತ್ತಿದ್ದಾಗ ನಾನು ಎದ್ದು ನಿಂತು ಜಗಳವಾಡಿದ್ದೆ. ದೆಹಲಿಯ ನಮ್ಮ ಕಸುಬಿನವರೆಲ್ಲ ಅಲ್ಲಿದ್ದರು. ಅಂದು ವಸಂತ್ ಕುಂಜಿನ ಮನೆಗೆ ಬಂದಾಗ ನನ್ನ ಗಂಡ ಅನಂತರಾಮ ಹೇಳಿದ್ದು ಒಂದೇ ಮಾತು: “ನಿನಗೆ ರಿಟೈರ್ ಆಯ್ತು. ನಿನ್ನ ಹೊಟ್ಟೆಕಿಚ್ಚಿಗೆ ಇನ್ನೂ ಸರ್ವೀಸ್ ಬಾಕಿ ಇದೆ.”

ಆದ್ದರಿಂದ ನಿಶ್ಮಿತಾಳ ವಕೀಲರು ವರದಿಯನ್ನೂ ಫೋಟೋಗಳನ್ನೂ ಕಳಿಸಿದಾಗ ನನಗೆ ಮೊದಲು ಬಂದದ್ದು ಆ ಹುಡುಗಿಯ ಮೇಲಿನ ಕನಿಕರವಲ್ಲ. ಅಹಲ್ಯಾ ಸಿಕ್ಕಿಬಿದ್ದಳು ಎಂಬ ಖುಷಿ. ಆ ಖುಷಿಗೆ ಹೆದರಿ ವರದಿಯ ಸಹಿಯ ಮೇಲೆ ಕಾಗದ ಅಂಟಿಸಿ, ಯಾರೋ ಅಪರಿಚಿತರು ಬರೆದದ್ದೆಂದು ಮತ್ತೆ ಓದಿದೆ. ಮತ್ತೆಯೂ ಅದೇ ಕಂಡಿತು.

ಶಟರನ್ನು ಯಾರೋ ಬಡಿದರು. “ಭಯ್ಯಾ, ಆರ್ಡರ್ ಹೈ.”

“ಬಂದ್ ಹೈ,” ಎಂದರು ಮೋನಪ್ಪ, ಕೂತಲ್ಲಿಂದಲೇ.

“ಚಂಪಾ ಅವರೇ,” ಎಂದೆ, “ಮೊಸರಿದೆಯಾ? ಡಬ್ಬಿಯಲ್ಲಿ ಹೆಪ್ಪು ಹಾಕಿದ್ದು, ಕದಡದೆ ಇರೋದು?”

ಅವರು ಏನೂ ಕೇಳದೆ ಒಳಗೆ ಹೋಗಿ ಎರಡು ಪುಟ್ಟ ಸ್ಟೀಲ್ ಡಬ್ಬಿ ತಂದರು. ಮುಚ್ಚಳ ತೆಗೆದು ತೋರಿಸಿದರು. ಮೊಸರು ಕಲ್ಲಿನಂತೆ ಗಟ್ಟಿಯಾಗಿತ್ತು. ಮುಚ್ಚಳ ಮತ್ತೆ ಹಾಕಿಸಿದೆ.

“ಡಬ್ಬಿ ಬುರುಡೆ. ಮೊಸರು ಮಿದುಳು. ಮೋನಪ್ಪನವರೇ, ಇದನ್ನು ಗೋಡೆಗೆ ಒತ್ತಿ ಗಟ್ಟಿಯಾಗಿ ಹಿಡ್ಕೊಳ್ಳಿ.”

ಅವರು ಹಿಡಿದರು. ನಾನು ಕೌಂಟರಿನಿಂದ ಕಬ್ಬಿಣದ ಸೌಟು ತಂದು ಡಬ್ಬಿಯ ಪಕ್ಕಕ್ಕೆ ಒಂದೇ ಏಟು ಕೊಟ್ಟೆ. ಡಬ್ಬಿ ತಗ್ಗಾಯಿತು. ತೆರೆದು ನೋಡಿದರೆ ತಗ್ಗು ಬಿದ್ದ ಕಡೆ ಮೊಸರು ಚೂರು ಒತ್ತಿಕೊಂಡಿತ್ತು, ಉಳಿದದ್ದು ಹಾಗೇ ಇತ್ತು.

“ಇದು ನಿಶ್ಮಿತಾ ಎಸೆದ ಕಲ್ಲು. ಬುರುಡೆಗೆ ಬಿರುಕು ಬಿಟ್ಟಿದೆ, ನಿಜ. ಕೂದಲೆಳೆಯಷ್ಟು ಗೆರೆ, ಮೂಳೆ ಒಳಕ್ಕೆ ಕುಸಿದಿಲ್ಲ. ಪೆಟ್ಟಿನ ಬಲ ಅರ್ಧ ಆ ಮೂಳೆ ಒಡೆಯುವುದರಲ್ಲೇ ಖರ್ಚಾಗಿದೆ. ಬಿರುಕಿನ ಕೆಳಗೆ ರಕ್ತ ಸೋರಿದ್ದರೆ ಕತೆ ಬೇರೆ ಆಗ್ತಿತ್ತು, ಎಷ್ಟೋ ಸಲ ಹಾಗೇ ಆಗುತ್ತೆ. ಇಲ್ಲಿ ಸೋರಿಲ್ಲ. ಅದರ ಕೆಳಗಿನ ಮಿದುಳು ಸ್ವಚ್ಛವಾಗಿದೆ. ಇಷ್ಟೇ ಆಗಿದ್ದರೆ ನಿಮ್ಮ ಅಳಿಯ ಹೊಲಿಗೆ ಹಾಕಿಸ್ಕೊಂಡು ಮನೆಗೆ ಬರ್ತಿದ್ದ.”

ಚಂಪಾ ಸೆರಗು ಸುತ್ತುವುದನ್ನು ನಿಲ್ಲಿಸಿದರು.

ಎರಡನೆಯ ಡಬ್ಬಿಯನ್ನು ಗ್ರಾನೈಟ್ ಕೌಂಟರಿನ ಈ ತುದಿಯಲ್ಲಿಟ್ಟು ಜೋರಾಗಿ ನೂಕಿದೆ. ಅದು ಸರ್ರನೆ ಜಾರಿ ಆ ತುದಿಯ ಗೋಡೆಗೆ ಬಡಿದು ನಿಂತಿತು. ಮುಚ್ಚಳ ತೆಗೆದೆ. ಗೋಡೆಗೆ ತಾಗಿದ ಕಡೆ ಮೊಸರು ಹಾಗೇ ಇತ್ತು. ಅದರ ಎದುರು ಬದಿಯಲ್ಲಿ, ಏನೂ ತಾಗದ ಕಡೆ, ಡಬ್ಬಿಯಿಂದ ಕಿತ್ತುಕೊಂಡು ಸೀಳಿ ನೀರು ಬಿಟ್ಟಿತ್ತು.

“ನಿಂತ ತಲೆಗೆ ಏನಾದರೂ ಬಂದು ಬಡಿದರೆ, ಬಡಿದ ಜಾಗದ ಕೆಳಗೆ ಮಿದುಳು ಜಖಂ ಆಗುತ್ತೆ. ತಲೆಯೇ ಹೋಗಿ ನೆಲಕ್ಕೆ ಬಡಿದರೆ, ಎದುರು ಬದಿಯಲ್ಲಿ ಆಗುತ್ತೆ. ಮೊಸರು ಮಿದುಳಲ್ಲ, ಆದರೂ ಲೆಕ್ಕ ಹೆಚ್ಚು ಕಡಿಮೆ ಹೀಗೇ. ನಿತೇಶನ ಮಿದುಳು ಜಖಂ ಆಗಿರೋದು ಹಣೆಯ ಹಿಂದೆ. ತಲೆಯ ಹಿಂಭಾಗದಲ್ಲಿ ಊತ ಇದೆ. ಅಂದರೆ ಅವನು ಅಂಗಾತ ಬಿದ್ದಿದ್ದಾನೆ. ಮಿದುಳಿನ ಮೇಲೆ ರಕ್ತ ಹರಡಿ ಹೆಪ್ಪುಗಟ್ಟಿ ಪೊರೆಗೆ ಅಂಟಿಕೊಂಡಿದೆ. ಜೀವ ತೆಗೆದದ್ದು ಅದು.”

“ಕಲ್ಲು ತಾಗಿ ಬಿದ್ದನಲ್ಲ,” ಎಂದರು ಮೋನಪ್ಪ. “ಹಾಗಾದ್ರೆ ಮತ್ತೆ ಮಗಳ ತಲೆಗೇ ಬಂತು.”

ವರದಿಯಲ್ಲಿ ಅಹಲ್ಯಾ ಬರೆದದ್ದೂ ಅದೇ. ಕಲ್ಲಿನ ಪೆಟ್ಟು, ಬುರುಡೆಯ ಬಿರುಕು, ಅದರಿಂದ ಕೆಳಗೆ ಬಿದ್ದು ಸಾವು. ಓದಲು ಎಷ್ಟು ಚಂದ. ಪೊಲೀಸರಿಗೂ ಬಿರುಕು ಇದ್ದರೆ ಸಮಾಧಾನ, ಕೈಯಿಟ್ಟು ತೋರಿಸಬಹುದು.

“ಬಿದ್ದನಾ?” ಎಂದು ಚಂಪಾ ಕಡೆ ತಿರುಗಿದೆ. “ನೀವು ಅಲ್ಲೇ ಇದ್ದಿರಿ. ನೆಲಕ್ಕೆ ಬಿದ್ದನಾ?”

ಅವರು ಕಣ್ಣು ಮುಚ್ಚಿ ನೆನೆದರು. “ಇಲ್ಲ ಮೇಡಂ. ಕುರ್ಚಿ ಎಳ್ಕೊಂಡು ಕೂತ. ನೀರು ಕೇಳಿದ. ‘ನಿಮ್ಮ ಮಗಳ ಗುರಿ ಚೆನ್ನಾಗುಂಟು ಅತ್ತೆ’ ಅಂತ ನಕ್ಕ. ಮತ್ತೆ ಟೇಬಲ್ ಮೇಲೆ ತಲೆಯಿಟ್ಟು ಮಲಗಿದ. ಏಳ್ಲೇ ಇಲ್ಲ. ನೆಲಕ್ಕೆ ಬೀಳ್ಲಿಲ್ಲ. ಯಾರನ್ನು ಬೇಕಾದ್ರೂ ಕೇಳಿ.”

“ಹೆಪ್ಪುಗಟ್ಟಿದ ರಕ್ತವೂ ಅದನ್ನೇ ಹೇಳ್ತಿದೆ. ಅದರ ಬಣ್ಣ ನೋಡಿದರೆ ಸೋಮವಾರದ್ದಲ್ಲ, ಹಿಂದಿನ ದಿನದ್ದು. ಆ ಕಲ್ಲು ಬೀಳದಿದ್ದರೂ ಅವನು ಉಳೀತಿರಲಿಲ್ಲ. ಆದರೆ ಒಂದೇ ಒಂದು ನನಗೆ ಅರ್ಥವಾಗಿಲ್ಲ.” ತಗ್ಗಾದ ಡಬ್ಬಿಯನ್ನೂ ಜಾರಿಸಿದ ಡಬ್ಬಿಯನ್ನೂ ಪಕ್ಕಪಕ್ಕ ಇಟ್ಟೆ. ಜಾರಿಸಿದ್ದರ ಅಂಚೂ ಸ್ವಲ್ಪ ನಜ್ಜಾಗಿತ್ತು. “ಮಿದುಳು ಇಷ್ಟು ಜಖಂ ಆಗಬೇಕಾದರೆ ತಲೆ ಜೋರಾಗಿಯೇ ಬಡಿದಿರಬೇಕು. ಹಿಂದಲೆಯ ಮೂಳೆಗೆ ಬಿರುಕಿಲ್ಲ. ಅದು ಆಗುತ್ತೆ, ಬುರುಡೆ ಗಟ್ಟಿಯಿದ್ದೂ ಒಳಗೆ ಮಿದುಳು ಹಾಳಾದವರನ್ನು ನಾನು ಎಷ್ಟೋ ನೋಡಿದ್ದೇನೆ. ಆದರೆ ಚರ್ಮ ಕೂಡ ಒಡೆದಿಲ್ಲ. ಗೀರೂ ಇಲ್ಲ. ಯಾವ ನೆಲಕ್ಕೆ ಬಿದ್ದರೆ ಹೀಗಾಗುತ್ತೆ?”

ಚಂಪಾ ಡಬ್ಬಿಯನ್ನು ನೋಡುತ್ತಲೇ ಇದ್ದರು. ಅವರ ಬಾಯಿ ನಿಧಾನವಾಗಿ ತೆರೆದುಕೊಂಡಿತು.

“ಮೇಡಂ,” ಎಂದರು, “ಅವನ ತಲೆಗೆ ಬಟ್ಟೆ ಇತ್ತು.”

ಭಾನುವಾರ ಸಂಘದ ಸಭಾಂಗಣದಲ್ಲಿ ಯಕ್ಷಗಾನವಿತ್ತು. ಇಲ್ಲಿನ ಕರಾವಳಿಯ ಹೋಟೆಲಿನವರು ವರ್ಷಕ್ಕೊಮ್ಮೆ ಸೌಟು ಕೆಳಗಿಟ್ಟು ಗೆಜ್ಜೆ ಕಟ್ಟುವ ದಿನ. ಈ ವರ್ಷ ಕಿರೀಟವೇಷ ನಿತೇಶನದ್ದು.

“ಕಿರೀಟ ಮರದ್ದು. ಅಲ್ಲಾಡಬಾರ್ದು ಅಲ್ವಾ, ಅದಕ್ಕೆ ತಲೆಗೆ ಮೊದಲು ಬಟ್ಟೆ ಸುತ್ತಿ ಸುತ್ತಿ ಬಿಗೀತಾರೆ. ದಿಂಬಿನ ಹಾಗೆ ಆಗ್ತದೆ. ಆಟ ಮುಗೀತು. ಎಲ್ರೂ ಊಟಕ್ಕೆ ಹೋದ್ರು. ಇವನು ಚೌಕಿಯಲ್ಲೇ ಇದ್ದ, ಬಣ್ಣ ಹಚ್ಚುವ ಕೋಣೆಯಲ್ಲಿ. ನಾನು ಹೋಗಿ ಒಂದು ಫೋಟೋ ತೆಗೆದೆ. ಚಹಾ ತರ್ತೇನೆ ಅಂತ ಹೊರಗೆ ಬಂದೆ. ವಾಪಸ್ ಹೋಗುವಾಗ ನೆಲದ ಮೇಲೆ ಕೂತಿದ್ದ. ಕಿರೀಟ ತೆಗೆದಾಗಿತ್ತು, ಬಟ್ಟೆ ಬಿಚ್ಚಿರ್ಲಿಲ್ಲ. ‘ಹಿಂದಕ್ಕೆ ಬಿದ್ದೆ ಅತ್ತೆ. ಬಟ್ಟೆ ಇತ್ತಲ್ಲ, ಎಂತದ್ದೂ ಆಗ್ಲಿಲ್ಲ’ ಅಂದ. ನಾವಿಬ್ರೂ ನಗಾಡಿದೆವು.”

“ರಾತ್ರಿ?”

“ತಲೆನೋವು ಅಂದ. ಎರಡು ಸಲ ವಾಂತಿ ಮಾಡಿದ. ಕಿರೀಟ ಬಿಗಿದ ದಿನ ತಲೆನೋವು ಎಲ್ರಿಗೂ ಬರ್ತದೆ ಮೇಡಂ. ಇವ್ರಿಗೂ ಬರ್ತಿತ್ತು. ಜೀರಿಗೆ ಕಷಾಯ ಕುಡಿಸಿದೆ, ಮಲಗಿಸಿದೆ.”

ಬಟ್ಟೆ ಚರ್ಮವನ್ನು ಕಾಪಾಡಿತ್ತು, ಮೂಳೆಯನ್ನು ಕಾಪಾಡಿತ್ತು. ಓಡುತ್ತಿದ್ದ ತಲೆ ಗಕ್ಕನೆ ನಿಂತಾಗ ಒಳಗೆ ಮಿದುಳು ಅಲುಗುವುದನ್ನು ಯಾವ ಬಟ್ಟೆಯೂ ತಡೆಯುವುದಿಲ್ಲ. ಹೆಲ್ಮೆಟ್ಟಿಗೂ ಅದು ಪೂರ್ತಿ ಸಾಧ್ಯವಿಲ್ಲ. ರಕ್ತ ಕಂಡಿದ್ದರೆ ಇವರು ಆ ಹೊತ್ತಿಗೇ ಆಸ್ಪತ್ರೆಗೆ ಓಡುತ್ತಿದ್ದರು. ಬಟ್ಟೆಯನ್ನು ನಂಬಿ ನಕ್ಕರು, ತಲೆನೋವಿಗೆ ಕಿರೀಟದ ಹೆಸರು ಹೇಳಿದರು. ವಾಂತಿ ಕೂಡ ಯಾರನ್ನೂ ಹೆದರಿಸಲಿಲ್ಲ. ಇದನ್ನೆಲ್ಲ ಈಗ ಚಂಪಾಗೆ ಹೇಳಿ ಏನು ಪ್ರಯೋಜನ?

“ಅವನು ಜಾರಿದ್ದಲ್ಲ,” ಎಂದರು ಮೋನಪ್ಪ.

ಇಬ್ಬರೂ ಅವರ ಕಡೆ ತಿರುಗಿದೆವು.

“ನಾನು ಹೊಡೆದೆ.” ಮೋನಪ್ಪ ಎರಡೂ ಕೈಗಳನ್ನು ಟೇಬಲ್ ಮೇಲೆ ಇಟ್ಟಿದ್ದರು. “ಊರಿಂದ ಬಂದಾಗಿನಿಂದ ಆ ಕಿರೀಟ ನನ್ನ ತಲೆ ಮೇಲಿತ್ತು ಡಾಕ್ಟ್ರೇ. ಹೋಟೆಲು ಕೊಟ್ಟೆ ಅವನಿಗೆ, ಮಗಳನ್ನು ಕೊಟ್ಟೆ. ಸಾಲದು ಅಂತ ಕಿರೀಟವನ್ನೂ ಕೇಳಿದ. ನನ್ನ ಹತ್ರ ಕೇಳಿದ್ರೂ ಆಗ್ತಿತ್ತು. ಸಂಘದವರ ಹತ್ರ ಹೋಗಿ ಕೇಳಿದ. ‘ಮೋನಪ್ಪಣ್ಣನಿಗೆ ಈಗ ಕುಣಿಯುವಾಗ ಏದುಸಿರು’ ಅಂದರಂತೆ. ನನಗೆ ತಡೀಲಿಕ್ಕೆ ಆಗ್ಲಿಲ್ಲ. ಚೌಕಿಗೆ ಹಿಂದಿನಿಂದ ಹೋದೆ. ಮರದ ಗದೆ ಇತ್ತು. ಹಿಂದಲೆಗೆ ಒಂದು ಕೊಟ್ಟೆ. ಬರ್ಕೊಳ್ಳಿ. ಮಗಳನ್ನು ಬಿಡಿಸಿ.”

“ಇವ್ರೇ,” ಎಂದರು ಚಂಪಾ.

“ನೀನು ಸುಮ್ಮನಿರು.”

ನಾನು ಬರೆದುಕೊಳ್ಳಲಿಲ್ಲ. ಆ ಹೊಟ್ಟೆಕಿಚ್ಚು ನಿಜವಾದದ್ದು. ಅದರಲ್ಲಿ ನನಗೆ ಅನುಭವವಿದೆ, ಸುಳ್ಳು ಹೊಟ್ಟೆಕಿಚ್ಚು ಕಂಡರೆ ಗೊತ್ತಾಗುತ್ತದೆ. ತನ್ನ ಜಾಗದಲ್ಲಿ ಇನ್ನೊಬ್ಬರು ಕೂತದ್ದನ್ನು ನೋಡಿದವರ ಮುಖ ಹಾಗೆಯೇ ಇರುತ್ತದೆ, ಕನ್ನಡಿಯಲ್ಲಿ ದಿನಾ ನೋಡುತ್ತೇನೆ. ಸುಳ್ಳಾಗಿದ್ದದ್ದು ಗದೆ.

ಎರಡನೆಯ ಡಬ್ಬಿಯನ್ನು ಅವರ ಮುಂದೆ ನೂಕಿದೆ.

“ನಿಂತವನಿಗೆ ಹಿಂದಿನಿಂದ ಹೊಡೆದರೆ ಜಖಂ ಎಲ್ಲಾಗಬೇಕು?”

ಅವರು ಮೊಸರನ್ನು ನೋಡಿದರು.

“ಹಿಂದೆ,” ಎಂದೆ ನಾನೇ. “ನಿತೇಶನಿಗೆ ಆಗಿರೋದು ಮುಂದೆ. ಅವನಿಗೆ ಯಾರೂ ಹೊಡೆದಿಲ್ಲ ಮೋನಪ್ಪನವರೇ. ಅವನ ತಲೆ ನೆಲಕ್ಕೆ ಹೋಗಿ ಬಡಿದಿದೆ. ನೀವು ಆ ಚೌಕಿಯಲ್ಲಿದ್ದಿದ್ದರೆ ಇದು ನಿಮಗೆ ಗೊತ್ತಿರುತ್ತಿತ್ತು.”

“ಇವ್ರು ಸಭಾಂಗಣಕ್ಕೇ ಬರ್ಲಿಲ್ಲ ಮೇಡಂ,” ಎಂದರು ಚಂಪಾ. “ಹೊಟ್ಟೆ ಸರಿ ಇಲ್ಲ ಅಂತ ಇಲ್ಲೇ ಉಳಿದ್ರು. ನಾನೂ ನಿಶ್ಮಿತಾಳೂ ಮಾತ್ರ ಹೋದದ್ದು.”

ಮೋನಪ್ಪ ಒಂದು ಕೈಯಿಂದ ಮುಖ ಮುಚ್ಚಿಕೊಂಡರು. “ಆ ಕಿರೀಟ ಅವನ ತಲೆ ಮೇಲೆ ನೋಡುವ ಶಕ್ತಿ ನನಗಿರ್ಲಿಲ್ಲ,” ಎಂದರು. “ಇಲ್ಲಿ ಒಬ್ಬನೇ ಕೂತು ಮೊಬೈಲಲ್ಲಿ ಲೈವ್ ನೋಡಿದೆ. ಚೆನ್ನಾಗಿ ಮಾಡಿದ ಡಾಕ್ಟ್ರೇ. ನನಗಿಂತ ಚೆನ್ನಾಗಿ ಮಾಡಿದ. ಅದನ್ನು ಅವನಿಗೆ ಹೇಳ್ಲಿಲ್ಲ ನಾನು. ಹೇಳುವಷ್ಟರಲ್ಲಿ ಹೀಗಾಯ್ತು.”

ಚಂಪಾ ಗಂಡನ ಬೆನ್ನ ಮೇಲೆ ಕೈಯಿಟ್ಟರು. ನಾನು ಕಿಟಕಿಯ ಕಡೆ ನೋಡಿದೆ. ಹೊರಗೆ ಹೊಗೆಮಂಜಿನಲ್ಲಿ ಎದುರಿನ ಹೌಸಿಂಗ್ ಸೊಸೈಟಿಯ ಮೇಲಿನ ಮಹಡಿಗಳು ಕಾಣುತ್ತಿರಲಿಲ್ಲ.

“ತಾನಾಗಿಯೇ ಜಾರಿದ್ದಾದರೆ ಯಾರದ್ದೂ ತಪ್ಪಿಲ್ಲ ಅಲ್ವಾ?” ಎಂದು ಚಂಪಾ ಕೇಳಿದರು. “ಮಗಳು ಮನೆಗೆ ಬರ್ತಾಳೆ?”

ಹೂಂ ಎನ್ನಬಹುದಿತ್ತು. ಆದರೆ ಅಹಲ್ಯಾಳ ವರದಿಯಲ್ಲಿ ನಾನು ಕಡೆಗಣಿಸಿದ್ದ ಒಂದು ಸಾಲು ಆಗ ನೆನಪಿಗೆ ಬಂತು. ಎದೆಯ ಮೇಲೆ ಹಳೆಯ ಕಂದು ಗುರುತು, ಸಾವಿಗೆ ಸಂಬಂಧವಿಲ್ಲ. ಫೋಟೋ ಹುಡುಕಿ ದೊಡ್ಡದು ಮಾಡಿದೆ. ಕಂದಿದ ಚುಕ್ಕೆಗಳು, ಒಂದರ ಪಕ್ಕ ಒಂದು, ಅರ್ಧಚಂದ್ರದಂತೆ ಬಾಗಿ ನಿಂತಿದ್ದವು.

“ವೇಷದಲ್ಲಿ ಎದೆಗೆ ಏನು ಕಟ್ತಾರೆ?”

“ಆಭರಣ. ಅದೂ ಮರದ್ದೇ. ಅಂಚಿಗೆ ಗುಂಡು ಗುಂಡು ಕೆತ್ತನೆ ಇರ್ತದೆ.”

ಫೋಟೋವನ್ನು ಅವರಿಗೆ ತೋರಿಸಿದೆ. ಚಂಪಾ ಬಾಯಿಗೆ ಸೆರಗು ಒತ್ತಿಕೊಂಡರು.

“ಜಾರಿ ಬಿದ್ದವನ ಎದೆಗೆ ಆಭರಣ ಹೀಗೆ ಒತ್ತುವುದಿಲ್ಲ,” ಎಂದೆ. “ಮುಂದಿನಿಂದ ಯಾರೋ ಎರಡೂ ಕೈಯಲ್ಲಿ ನೂಕಿದ್ದಾರೆ. ಬಲವಾಗಿ.”

“ಯಾರು?” ಮೋನಪ್ಪ ತಲೆಯೆತ್ತಿದರು. “ಎಲ್ಲರೂ ಊಟಕ್ಕೆ ಹೋಗಿದ್ರಲ್ಲ.”

ವರದಿಯ ಇನ್ನೊಂದು ಸಾಲು ನನ್ನ ತಲೆಯಲ್ಲಿ ತಿರುಗತೊಡಗಿತ್ತು. ಎಡಗಿವಿಯ ಹಿಂದೆ ಹಳದಿ ಕಲೆ, ಅರಿಸಿನ. ಹೋಟೆಲಿನವನಲ್ಲವೇ, ಇರಬಹುದು ಎಂದು ದಾಟಿಹೋಗಿದ್ದೆ. “ಮುಖಕ್ಕೆ ಹಚ್ಚಿದ ಬಣ್ಣ ಪೂರ್ತಿ ಹೋಗುತ್ತಾ?”

“ಎಣ್ಣೆ ಹಾಕಿ ಉಜ್ಜಿದ್ರೆ ಹೋಗ್ತದೆ. ಕಿವಿ ಹಿಂದಿಂದು ಮಾತ್ರ ಹೋಗುದಿಲ್ಲ. ಎರಡು ದಿನ ಹಳದಿ ಉಳೀತದೆ. ವೇಷ ಹಾಕಿದವರಿಗೆಲ್ಲ ಗೊತ್ತುಂಟು.”

ವೇಷ ಹಾಕಿದವರಿಗೆಲ್ಲ ಗೊತ್ತಿರುವ ಸಂಗತಿ. ಮೈಸೂರು ಕಡೆಯ ನನಗೆ ಗೊತ್ತಿರಲಿಲ್ಲ. ಉತ್ತರ ಪ್ರದೇಶದ ಪೊಲೀಸರಿಗೆ ಗೊತ್ತಿರುವ ಪ್ರಶ್ನೆಯೇ ಇಲ್ಲ.

“ನೀವು ತೆಗೆದ ಫೋಟೋ ಕೊಡಿ,” ಎಂದೆ.

ಚಂಪಾ ಮೊಬೈಲನ್ನು ಕೈಯಲ್ಲಿ ಹಿಡಿದರು, ಕೊಡಲಿಲ್ಲ. ಗಂಡನನ್ನು ನೋಡಿದರು, ನೆಲ ನೋಡಿದರು. ಕೊನೆಗೆ ಹುಡುಕಿ ತೆಗೆದು ಟೇಬಲ್ ಮೇಲೆ ಇಟ್ಟು ನನ್ನ ಕಡೆ ಸರಿಸಿದರು.

ನಿತೇಶ ನಗುತ್ತಿದ್ದ. ಮುಖದ ತುಂಬ ಬಣ್ಣ, ಎದೆಯ ಮೇಲೆ ಆಭರಣ, ತಲೆಗೆ ಬಿಳಿ ಬಟ್ಟೆಯ ದಪ್ಪ ಸುತ್ತು. ಅವನ ಪಕ್ಕದಲ್ಲಿ ಇನ್ನೊಂದು ವೇಷ ನಿಂತಿತ್ತು. ಬಣ್ಣದ ಮುಖ, ತಿದ್ದಿದ ಹುಬ್ಬು, ಬರೆದ ಮೀಸೆ. ಗಂಡೋ ಹೆಣ್ಣೋ ಹೇಳಲಾಗದು. ಹೆತ್ತ ತಾಯಿ ನೋಡಿದ್ದರೂ ಗುರುತು ಹಿಡಿಯುತ್ತಿರಲಿಲ್ಲ.

ಆ ವೇಷ ಮೊಬೈಲ್ ಕಡೆ ನೋಡುತ್ತಿರಲಿಲ್ಲ. ನಿತೇಶನ ಕಿರೀಟ ಅದರ ಎಡಗೈಯಲ್ಲಿತ್ತು, ಕಣ್ಣು ಕಿರೀಟದ ಮೇಲಿತ್ತು. ಕಿರೀಟವನ್ನು ಹಿಡಿದ ಆ ಕೈಯ ಕಿರುಬೆರಳು ಹೊರಗೆ ನಿಂತಿತ್ತು.

ಸುಳ್ಳು ಯಾಕೆ ಹೇಳಲಿ, ಮೊದಲು ಬಂದದ್ದು ಖುಷಿಯೇ. ಇಷ್ಟು ವರ್ಷ ಕಾದದ್ದು ಟೇಬಲ್ ಮೇಲೆ ಬಂದು ಬಿದ್ದಿತ್ತು. ಚೌಕಿಯಲ್ಲಿ ಅವನೊಂದಿಗೆ ಇದ್ದವಳು ಅವಳು. ಅವನು ಸತ್ತ ಮೇಲೆ ಶವ ಅವಳ ಮೇಜಿಗೇ ಬಂದಿದೆ. ತಾನೇ ಹಚ್ಚಿಕೊಳ್ಳುವ ಬಣ್ಣವನ್ನು ಅರಿಸಿನ ಎಂದು ಬರೆದಿದ್ದಾಳೆ. ತಾನೇ ಕಟ್ಟಿಕೊಳ್ಳುವ ಆಭರಣದ ಗುರುತನ್ನು ಹಳೆಯದು ಎಂದು ಬರೆದಿದ್ದಾಳೆ. ಹೆಪ್ಪುಗಟ್ಟಿದ ರಕ್ತದ ವಯಸ್ಸು ಹೇಳುವ ಸೂಕ್ಷ್ಮದರ್ಶಕದ ಗಾಜಿನ ಪಟ್ಟಿಗಳು ಅವಳದೇ ಬೀರುವಿನಲ್ಲಿವೆ.

ಖುಷಿಯ ಹಿಂದೆಯೇ ಹೆದರಿಕೆ ಬಂತು. ನಾಡಿದ್ದು ನಾನು ಕೋರ್ಟಿನಲ್ಲಿ ನಿಂತು ಈ ಹೆಸರು ಹೇಳಿದರೆ ಸರ್ಕಾರಿ ವಕೀಲರು ಏನು ಕೇಳುತ್ತಾರೆಂದು ನನಗೆ ಗೊತ್ತಿತ್ತು. ಕಳೆದ ತಿಂಗಳ ಸಮ್ಮೇಳನದಲ್ಲಿ ಎದ್ದು ಕೂಗಾಡಿದ್ದು ನೀವೇ ಅಲ್ಲವೇ? ನಿಮ್ಮ ಕುರ್ಚಿಗೆ ಬಂದವರು ಇವರೇ ಅಲ್ಲವೇ? ಒಂದು ಕಿರುಬೆರಳು ನೋಡಿ ಗುರುತು ಹಿಡಿದಿರಾ? ನನ್ನ ಮಾತನ್ನು ಯಾರೂ ನಂಬುವುದಿಲ್ಲ. ನಾನು ಹೇಳಿದೆನೆಂಬ ಕಾರಣಕ್ಕೇ ನಿಜವೂ ಸುಳ್ಳಾಗುತ್ತದೆ, ನಿಶ್ಮಿತಾ ಡಾಸ್ನಾದಲ್ಲೇ ಉಳಿಯುತ್ತಾಳೆ.

ಅದಕ್ಕಿಂತ ಕೆಟ್ಟ ಪ್ರಶ್ನೆ ಇನ್ನೊಂದಿತ್ತು. ನಾನೇ ನನ್ನನ್ನು ನಂಬಬಹುದೇ? ಫೋಟೋದಲ್ಲಿ ಅವಳು ಕಿರೀಟ ಹಿಡಿದಿದ್ದಾಳೆ. ನೂಕುತ್ತಿಲ್ಲ.

“ಯಾರು ಡಾಕ್ಟ್ರೇ ಅದು?” ಮೋನಪ್ಪ ಬಗ್ಗಿ ನೋಡಿದರು. “ಪ್ರಾಕ್ಟೀಸ್ ಪ್ರಾಕ್ಟೀಸ್ ಅಂತ ಒಬ್ಬಳ ಜೊತೆ ಹೋಗ್ತಾನೆ ಅಂತಲೇ ಸೋಮವಾರ ಗಂಡ ಹೆಂಡತಿಗೆ ಜಗಳ ಆದದ್ದು. ಇವಳೇನಾ?”

ಚಂಪಾ ನನ್ನನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಆಶ್ಚರ್ಯ ಇರಲಿಲ್ಲ.

“ಚಂಪಾ ಅವರೇ, ನಿಮಗೆ ಇದು ಯಾರು ಅಂತ ಗೊತ್ತು.”

ಅವರು ಹೌದೆಂದು ತಲೆಯಾಡಿಸಿದರು.

“ಮತ್ತೆ ಇಷ್ಟು ಹೊತ್ತು ಯಾಕೆ ಹೇಳಲಿಲ್ಲ?”

“ಅವರ ಹೆಸರು ಹೇಳ್ಬೇಡಿ ಅಂತ ಅವರೇ ಅಂದಿದ್ರು. ಹೇಳಿದ್ರೆ ನೀವು ಕೇಸು ಹಿಡಿಯುದಿಲ್ಲ ಅಂದ್ರು.” ಚಂಪಾ ಸೆರಗನ್ನು ಮತ್ತೆ ಬೆರಳಿಗೆ ಸುತ್ತಿಕೊಂಡರು. “ನಿಮ್ಮ ಹೆಸರು ಯಾರು ಕೊಟ್ಟದ್ದು ಅಂತ ಮೊದಲ ದಿನ ಕೇಳಿದ್ರಲ್ಲ ಮೇಡಂ, ಸಂಘದವರು ಯಾರೋ ಅಂದೆ. ಯಾರೋ ಅಲ್ಲ. ಮಗಳನ್ನು ಕರ್ಕೊಂಡು ಹೋದ ಮಾರನೇ ದಿನ ಅಹಲ್ಯಾ ಮೇಡಮ್ಮೇ ಫೋನ್ ಮಾಡಿದ್ದು. ಅಳ್ತಾ ಇದ್ರು. ‘ವೈಜಯಂತಿ ಮೇಡಂ ಹತ್ರ ಹೋಗಿ ಚಂಪಕ್ಕ. ನನ್ನ ರಿಪೋರ್ಟಲ್ಲಿ ತಪ್ಪು ಹುಡುಕುವ ಆಸೆ ಅವರಷ್ಟು ಬೇರೆ ಯಾರಿಗೂ ಇಲ್ಲ’ ಅಂದ್ರು.”